ಎಷ್ಟರಲ್ಲಿ ಎಷ್ಟು? ಮೂರನೇ ಮಗ್ಗದ ಸೀರೆಗಳ ಪ್ರಕರಣ

ಬಾಗಲಕೋಟೆ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಬಿ.ಎಸ್ಸಿ ಓದುವ ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟಿಗೆಂದು ತನ್ನ ಮನೆಯ ಮಗ್ಗಗಳ ಲೆಕ್ಕ ತಂದಳು. ಪಾಠದ ಲೆಕ್ಕ ಅಂತ ಶುರುವಾದದ್ದು ನಡುವೆ ಒಬ್ಬ ನೇಕಾರನ ಕೆಲಸದ ಪ್ರಶ್ನೆಯಾಯಿತು. ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ನಾವು ಎಡವಿದ ಜಾಗಗಳು ಮಾತ್ರ ಇದ್ದ ಹಾಗೇ ಇವೆ.

ಹಿನ್ನೆಲೆ

ಆ ಮನೆಯಲ್ಲಿ ಮೂರು ಕೈಮಗ್ಗಗಳಿವೆ. ನೇಯುವುದು ಇಳಕಲ್ ಸೀರೆ. ಮೊದಲ ಎರಡು ಕುಣಿಮಗ್ಗ, ಹಳೆಯ ಮಾಳಿಗೆ ಮನೆಯೊಳಗಿವೆ. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅವ್ವ. ಮೂರನೇ ಮಗ್ಗವನ್ನು ಆಮೇಲೆ ಹಿತ್ತಲಲ್ಲಿ ಪತ್ರಾಸಿನ (ತಗಡಿನ) ಶೆಡ್ ಹಾಕಿ ಕೂರಿಸಿದ್ದಾರೆ. ಅದಕ್ಕೆ ಕುಣಿ ಇಲ್ಲ, ನೆಲದ ಮೇಲೆ ನಿಲ್ಲಿಸಿದ ಮಗ್ಗ. ಅದರಲ್ಲಿ ನೇಯುವವನು ಮಜೂರಿಗೆ ಬರುವ ಒಬ್ಬ ಹುಡುಗ. ಕೈ ಬಹಳ ಚುರುಕು. ನೂಲು ತರುವುದು, ಸೀರೆ ಒಯ್ದು ಕೊಡುವುದು, ದುಡ್ಡಿನ ಲೆಕ್ಕ, ಇವೆಲ್ಲ ಕಾಕಾನ ಕೆಲಸ.

ಸೀರೆ ಒಯ್ದಾಗ ಕೊಳ್ಳುವವರು ಅದನ್ನು ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ. ಹರಿದ ಎಳೆ, ತಪ್ಪಿದ ಹೊಕ್ಕು (ಅಡ್ಡ ಎಳೆ), ಎದ್ದು ಕಾಣುವ ಗಂಟು, ಒಂದೊಂದರ ಮೇಲೂ ಬೆರಳಿಟ್ಟು ಎಣಿಸುತ್ತಾರೆ. ಒಂದೆರಡು ಇದ್ದರೆ ನಡೆಯುತ್ತದೆ. ಮೂರು ಅಥವಾ ಜಾಸ್ತಿ ಇದ್ದರೆ ಹಣದಲ್ಲಿ ಕಡಿತ. ಮನೆಯವರು ಅಂಥದ್ದನ್ನು ‘ಕಡಿತದ ಸೀರೆ’ ಅನ್ನುತ್ತಾರೆ.

ಹುಡುಗಿ ಡಿಸೆಂಬರ್ ಮೊದಲ ವಾರದಿಂದ ಏಪ್ರಿಲ್ ಕೊನೆಯವರೆಗೆ 100 ಸೀರೆಗಳ ಲೆಕ್ಕ ಬರೆದಿದ್ದಳು. ಉದ್ದನೆಯ ನೋಟ್‌ಬುಕ್. ಒಂದು ಸೀರೆಗೆ ಒಂದು ಸಾಲು. ತಾರೀಖು, ಮಗ್ಗದ ನಂಬರು, ಆಮೇಲೆ ದಡಿ (ಅಂಚು), ಮೈ, ಸೆರಗು ಅಂತ ಮೂರು ಕಾಲಂ. ಪ್ರತಿ ಕುಂದಿಗೆ ಕೆಂಪು ಪೆನ್ನಿನ ಒಂದು ಗೆರೆ. ಕುಂದೇ ಇಲ್ಲದ ಸೀರೆಯ ಸಾಲಿನಲ್ಲಿ ಒಂದು ಸಣ್ಣ ಸೊನ್ನೆ. ಇಷ್ಟು ಶುದ್ಧವಾಗಿ ಬರೆದ ಲೆಕ್ಕ ನನ್ನ ಕೈಗೆ ಬಂದದ್ದು ಕಡಿಮೆ. ಮುಂದೆ ನಮ್ಮನ್ನು ಕಾಪಾಡಿದ್ದೂ ಅದೇ. ತಾರೀಖು ಮತ್ತು ಮಗ್ಗದ ನಂಬರು ಯಾಕೆ ಬೇಕು ಅಂತ ಆಗ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮೊದಲ ತಪ್ಪು: ಸುಮ್ನೆ ಕೂಡಿಸಿದ್ದು

ಅವಳ ಮೊದಲ ಪ್ರಶ್ನೆ ಸರಳವಾಗಿತ್ತು. ಒಂದು ಸೀರೆಯಲ್ಲಿ ಎಲ್ಲಾದರೂ ಒಂದು ಕುಂದಾದರೂ ಇರುವ ಸಂಭವನೀಯತೆ ಎಷ್ಟು? ದಡಿಯಲ್ಲಿ ಕುಂದಿರುವ ಸೀರೆ 30, ಮೈಯಲ್ಲಿ 36, ಸೆರಗಿನಲ್ಲಿ 25. ಮೂರನ್ನೂ ಕೂಡಿಸಿ 0.91 ಅಂತ ಬರೆದು ತಂದಳು.

‘ಹಂಗಾದ್ರ ಕುಂದಿಲ್ಲದ ಸೀರಿ ಎಷ್ಟವಾ?’ ಅಂತ ಕೇಳಿದೆ.

‘9 ರೀ ಸರ್.’

‘ನಿನ್ನ ನೋಟ್‌ಬುಕ್ಕಿನಾಗ ಸೊನ್ನಿ ಎಷ್ಟ ಅದಾವ, ಎಣಿಸು.’

ಎಣಿಸಿದಳು. 39 ಸೊನ್ನೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ತಾನೇ ಹೇಳಿದಳು: ‘ದಡಿಯಾಗೂ ಮೈಯಾಗೂ ಕುಂದಿರೋ ಸೀರಿನ ಎರಡ ಸಲ ಎಣಿಸೇನ್ರಿ.’

ಅದೇ ವಿಷಯ. ಎರಡು ಘಟನೆ ಒಟ್ಟಿಗೆ ಆಗಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ನೇರ ಕೂಡಿಸಬಹುದು. ಒಟ್ಟಿಗೆ ಆಗುವುದಾದರೆ ಆ ಭಾಗವನ್ನು ಕಳೆಯಬೇಕು. ದಡಿ ಮತ್ತು ಮೈ ಎರಡರಲ್ಲೂ ಕುಂದಿರುವುದು 14, ಮೈ ಮತ್ತು ಸೆರಗು 12, ದಡಿ ಮತ್ತು ಸೆರಗು 10. ಒಟ್ಟು 36 ಕಳೆಯಬೇಕು. ಮೂರೂ ಕಡೆ ಕುಂದಿರುವ 6 ಸೀರೆ ಈ ಕಳೆಯುವಿಕೆಯಲ್ಲಿ ಪೂರ್ತಿ ಮಾಯವಾಗುತ್ತವೆ. ಅವನ್ನು ತಿರುಗಿ ಸೇರಿಸಬೇಕು. 91 ರಲ್ಲಿ 36 ಕಳೆದು 6 ಕೂಡಿಸಿದರೆ 61. ಸೊನ್ನೆಯ 39 ಸೇರಿ ಸರಿಯಾಗಿ 100.

ಇದೇ ಹಂತದಲ್ಲಿ ಒಂದು ಸುಳಿವು ನಮ್ಮ ಕೈಗೆ ಸಿಕ್ಕಿತ್ತು. ಮೂರು ಕಡೆಯ ಕುಂದುಗಳು ಒಂದಕ್ಕೊಂದು ಸಂಬಂಧವಿಲ್ಲದವು, ಅಂದರೆ ಸ್ವತಂತ್ರ, ಅಂತ ಇಟ್ಟುಕೊಳ್ಳಿ. ಆಗ ಎಲ್ಲೂ ಕುಂದಿಲ್ಲದ ಸಂಭವನೀಯತೆ 0.70, 0.64, 0.75 ಇವುಗಳ ಗುಣಲಬ್ಧ. ಅಂದರೆ 0.336. ಸುಮಾರು 34 ಸೀರೆ ಶುದ್ಧ ಇರಬೇಕಿತ್ತು. ಇದ್ದದ್ದು 39. ದಡಿ, ಮೈ ಎರಡರಲ್ಲೂ ಕುಂದು 11 ರಲ್ಲಿ ಇರಬೇಕಿತ್ತು, ಇದ್ದದ್ದು 14. ಅಂದರೆ ಕುಂದುಗಳು ಸ್ವಲ್ಪ ಗುಂಪುಗೂಡಿ ಬರುತ್ತಿವೆ. ಕೆಲವು ಸೀರೆ ಪೂರ್ತಿ ಶುದ್ಧ, ಕೆಲವಕ್ಕೆ ಎಲ್ಲ ಕಡೆ ಪೆಟ್ಟು. ಇದನ್ನು ನೋಡಿದೆವು. ‘ಇಷ್ಟು ವ್ಯತ್ಯಾಸ ಇರೋದೇ’ ಅಂತ ಮುಂದೆ ಹೋದೆವು. ಈ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುವ ಜಾಗ ಇದು.

ಯಾವ ಡಿಸ್ಟ್ರಿಬ್ಯೂಷನ್?

ಮುಂದಿನ ಪ್ರಶ್ನೆ: ಒಂದು ಸೀರೆಯಲ್ಲಿ ಎಷ್ಟು ಕುಂದು ಬರಬಹುದು? ಕುಂದು 0, 1, 2 ಹೀಗೆ ಒಂದೊಂದಕ್ಕೂ ಸಂಭವನೀಯತೆ ಎಷ್ಟು ಅಂತ ಹಂಚಿ ಹೇಳುವ ಸೂತ್ರಕ್ಕೆ ಡಿಸ್ಟ್ರಿಬ್ಯೂಷನ್ ಅನ್ನುತ್ತೇವೆ. 100 ಸೀರೆಯಲ್ಲಿ ಒಟ್ಟು 120 ಕುಂದು. ಸರಾಸರಿ 1.2.

ಅವಳು ಮೊದಲು ಹಿಡಿದದ್ದು ನಾರ್ಮಲ್. ಬಹಳ ಮಕ್ಕಳು ಹೀಗೇ ಮಾಡುತ್ತಾರೆ, ಯಾಕಂದ್ರೆ ಗಂಟೆಯಾಕಾರದ ಆ ಚಿತ್ರ ಎಲ್ಲರಿಗೂ ಕಣ್ಣಿಗೆ ಕಟ್ಟಿರುತ್ತದೆ. ಸರಾಸರಿಯಿಂದ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಹಿಂದೆ ಹೋದರೆ ಮೈನಸ್ 1.66 ಬಂತು. ಸೀರೆಯಲ್ಲಿ ಮೈನಸ್ ಕುಂದು ಇರುವುದಿಲ್ಲ, ಅಲ್ವಾ? ಅಲ್ಲಿಗೆ ಬಿಟ್ಟಳು.

ಆಮೇಲೆ ಬೈನಾಮಿಯಲ್. ಅದಕ್ಕೆ ಎರಡು ಸಂಗತಿ ಗೊತ್ತಿರಬೇಕು: ಎಷ್ಟು ಸಲ ಪ್ರಯತ್ನ ಆಗುತ್ತದೆ, ಪ್ರತಿ ಸಲ ತಪ್ಪುವ ಸಂಭವನೀಯತೆ ಎಷ್ಟು. ಇಲ್ಲಿ ಪ್ರಯತ್ನ ಅಂದರೆ ಏನು? ಲಾಳಿ ಒಂದು ಸಲ ಓಡಿದರೆ ಒಂದು ಪ್ರಯತ್ನವೇ? ಹಾಸಿನ, ಅಂದರೆ ಉದ್ದಕ್ಕೆ ಎಳೆದ ನೂಲಿನ, ಒಂದೊಂದು ಎಳೆಯೂ ಒಂದು ಪ್ರಯತ್ನವೇ? ಸಾವಿರಾರು ಎಳೆ, ಸಾವಿರಾರು ಹೊಕ್ಕು. ಕುಂದಾಗಲು ಅವಕಾಶ ಲೆಕ್ಕವಿಲ್ಲದಷ್ಟು, ಒಂದೊಂದರಲ್ಲೂ ಆಗುವ ಸಂಭವ ಬಹಳ ಸಣ್ಣದು. ಗೊತ್ತಿರುವುದು ಒಟ್ಟು ಸರಾಸರಿ ಮಾತ್ರ. ಪಾಯ್ಸಾನ್ ಇರುವುದೇ ಇಂಥ ಜಾಗಕ್ಕೆ. ಫ್ರಾನ್ಸಿನ ಗಣಿತಜ್ಞ ಪಾಯ್ಸಾನ್ 1837 ರಲ್ಲಿ ಇದನ್ನು ಪ್ರಕಟಿಸಿದ. ಬೈನಾಮಿಯಲ್‌ನಲ್ಲಿ ಪ್ರಯತ್ನಗಳು ಹೆಚ್ಚುತ್ತಾ, ಸಂಭವನೀಯತೆ ಇಳಿಯುತ್ತಾ, ಸರಾಸರಿ ಹಾಗೇ ಉಳಿದರೆ ಕೊನೆಗೆ ಸಿಗುವುದು ಇದು.

ಸರಾಸರಿ 1.2 ಇಟ್ಟು ಲೆಕ್ಕ ಹಾಕಿದಳು. ಮೂರು ಅಥವಾ ಜಾಸ್ತಿ ಕುಂದಿನ ಸೀರೆ 100 ರಲ್ಲಿ 12 ಇರಬೇಕು. ನೋಟ್‌ಬುಕ್ಕಿನಲ್ಲಿ ಇದ್ದದ್ದು 14. ಅವಳಿಗೆ ಬಹಳ ಖುಷಿಯಾಯಿತು. ನನಗೂ ಸಮಾಧಾನವಾಯಿತು. ‘ಚಲೋ ಕೂತೈತಿ’ ಅಂತ ಹೇಳಿ ಆ ಪುಟಕ್ಕೆ ಸಹಿ ಮಾಡಿದೆ. ಒಂದೇ ಒಂದು ಅಂಕಿ ನೋಡಿ ಒಪ್ಪಿದೆ. ಅದು ನನ್ನ ತಪ್ಪು.

ಕಾಕಾನ ಲೆಕ್ಕ

ಒಂದು ವಾರ ಕಳೆದು ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಮುಖ ಸಪ್ಪಗಿತ್ತು.

‘ಸರ್, ಕಾಕಾ ಆ ಹುಡುಗನ್ನ ಬಿಡಸ್ತೇನಿ ಅನ್ನಾಕತ್ತಾರ್ರಿ. ಕಡಿತದ ಸೀರಿ 14 ಅದಾವ, ಅದರಾಗ 12 ಅವನ ಮಗ್ಗದ್ದ. ನಾನ ಬರದ ಲೆಕ್ಕಾನ ನೋಡಿ ಹೇಳಾಕತ್ತಾರ್ರಿ.’

12 ಭಾಗಿಸು 14 ಅಂದರೆ ಸುಮಾರು 86 ಪರ್ಸೆಂಟ್. ಮನೆಯಲ್ಲಿ ಈ ಅಂಕಿ ಬಾಯಿಂದ ಬಾಯಿಗೆ ಹೋಗಿ, ಎರಡು ದಿನದಲ್ಲಿ ‘ಅವನು ನೇಯ್ದ 100 ಸೀರೆಯಲ್ಲಿ 86 ಕೆಟ್ಟವು’ ಅಂತಾಗಿತ್ತು.

ನಾನು ಅವಳಿಗೆ ಕೇಳಿದ್ದು ಇಷ್ಟೇ: ‘86 ಅಂದಿಯಲ್ಲ, ಎಷ್ಟರಾಗ ಎಷ್ಟ?’

ಎರಡು ಬೇರೆ ಪ್ರಶ್ನೆಗಳಿವೆ. ಕಡಿತದ ಸೀರೆಗಳನ್ನು ಮುಂದಿಟ್ಟುಕೊಂಡು, ಇವುಗಳಲ್ಲಿ ಮೂರನೇ ಮಗ್ಗದ್ದು ಎಷ್ಟು ಅಂತ ಕೇಳುವುದು ಒಂದು. ಅದಕ್ಕೆ ಉತ್ತರ 14 ರಲ್ಲಿ 12. ಮೂರನೇ ಮಗ್ಗದ ಸೀರೆಗಳನ್ನು ಮುಂದಿಟ್ಟುಕೊಂಡು, ಇವುಗಳಲ್ಲಿ ಕಡಿತದ್ದು ಎಷ್ಟು ಅಂತ ಕೇಳುವುದು ಇನ್ನೊಂದು. ಆ ಮಗ್ಗದಲ್ಲಿ ನೇಯ್ದದ್ದು 40 ಸೀರೆ. 40 ರಲ್ಲಿ 12, ಅಂದರೆ 30 ಪರ್ಸೆಂಟ್. ಎರಡರಲ್ಲೂ ಮೇಲಿನ ಅಂಕಿ ಅದೇ 12. ಕೆಳಗಿನ ಅಂಕಿ ಬದಲಾದರೆ ಪ್ರಶ್ನೆಯೇ ಬದಲಾಗುತ್ತದೆ. ಷರತ್ತುಬದ್ಧ ಸಂಭವನೀಯತೆಯಲ್ಲಿ, ಅಂದರೆ ಒಂದು ಗುಂಪನ್ನು ಮಾತ್ರ ಮುಂದಿಟ್ಟುಕೊಂಡು ಕೇಳುವ ಸಂಭವನೀಯತೆಯಲ್ಲಿ, ಮಕ್ಕಳು ಅತಿ ಜಾಸ್ತಿ ಎಡವುವುದು ಇಲ್ಲೇ. ದೊಡ್ಡವರೂ ಎಡವುತ್ತಾರೆ.

ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಬೇಯ್ಸ್ ನಿಯಮ. ಥಾಮಸ್ ಬೇಯ್ಸ್ ಬರೆದಿಟ್ಟದ್ದು ಅವನು ತೀರಿಕೊಂಡ ಮೇಲೆ, 1763 ರಲ್ಲಿ ಪ್ರಕಟವಾಯಿತು. ಮೂರನೇ ಮಗ್ಗದ ಪಾಲು 0.4, ಅದರಲ್ಲಿ ಕಡಿತ 0.3, ಗುಣಿಸಿದರೆ 0.12. ಉಳಿದ ಎರಡು ಮಗ್ಗದ ಪಾಲು 0.6, ಅವುಗಳ 60 ಸೀರೆಯಲ್ಲಿ ಕಡಿತ 2 ಮಾತ್ರ, ಗುಣಿಸಿದರೆ 0.02. ಎರಡೂ ಸೇರಿ 0.14. ಅದರಲ್ಲಿ 0.12 ರ ಪಾಲು ಎಷ್ಟೋ ಅದೇ ಕಾಕಾನ 86 ಪರ್ಸೆಂಟ್.

86 ಹೋಗಿ 30 ಬಂತು, ನಿಜ. ಆದರೂ 60 ರಲ್ಲಿ 2 ಎಲ್ಲಿ, 40 ರಲ್ಲಿ 12 ಎಲ್ಲಿ? ಕಾಕಾ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮೂರನೇ ಮಗ್ಗದಲ್ಲಿ ಏನೋ ಇದೆ. ಆ ‘ಏನೋ’ ಹುಡುಗನ ಕೈಯೇ ಅನ್ನುವುದು ಮಾತ್ರ ಲೆಕ್ಕದಲ್ಲಿ ಇರಲಿಲ್ಲ.

ಎಲ್ಲ ಸಾಲು ನೋಡಿದಾಗ

ಆ ಸಂಜೆ ನಾನು ಸಹಿ ಮಾಡಿದ ಪುಟವನ್ನೇ ತಿರುಗಿ ತೆಗೆದು, ಈ ಸಲ ಎಲ್ಲ ಸಾಲುಗಳನ್ನೂ ಅಕ್ಕಪಕ್ಕ ಇಟ್ಟೆವು.

ಕುಂದು 0: ನೋಟ್‌ಬುಕ್ಕಿನಲ್ಲಿ 39 ಸೀರೆ, ಪಾಯ್ಸಾನ್ ಪ್ರಕಾರ 30
ಕುಂದು 1: 31 ಸೀರೆ, ಪಾಯ್ಸಾನ್ ಪ್ರಕಾರ 36
ಕುಂದು 2: 16 ಸೀರೆ, ಪಾಯ್ಸಾನ್ ಪ್ರಕಾರ 22
ಕುಂದು 3: 6 ಸೀರೆ, ಪಾಯ್ಸಾನ್ ಪ್ರಕಾರ 9
ಕುಂದು 4: 4 ಸೀರೆ, ಪಾಯ್ಸಾನ್ ಪ್ರಕಾರ 3
ಕುಂದು 5 ಅಥವಾ ಜಾಸ್ತಿ: 4 ಸೀರೆ, ಪಾಯ್ಸಾನ್ ಪ್ರಕಾರ ಒಂದೂ ಪೂರ್ತಿ ಇಲ್ಲ

ಶುದ್ಧ ಸೀರೆ ಜಾಸ್ತಿ. ತೀರಾ ಕೆಟ್ಟದ್ದೂ ಜಾಸ್ತಿ. ನಡುವಿನದ್ದು ಕಡಿಮೆ. ಪಾಯ್ಸಾನ್‌ನಲ್ಲಿ ಸರಾಸರಿ ಎಷ್ಟೋ ವೇರಿಯನ್ಸ್ (ಸ್ಟ್ಯಾಂಡರ್ಡ್ ಡೀವಿಯೇಷನ್ನಿನ ವರ್ಗ) ಕೂಡ ಅಷ್ಟೇ ಇರಬೇಕು. ಇಲ್ಲಿ ಸರಾಸರಿ 1.2, ವೇರಿಯನ್ಸ್ 2.04. ಮೊದಲೇ ಸಿಕ್ಕಿದ್ದ ಆ 34 ಮತ್ತು 39 ರ ಸುಳಿವು ಹೇಳುತ್ತಿದ್ದದ್ದೂ ಇದನ್ನೇ.

ಆಗ ನಾನು ಅವಳಿಗೆ ಕುದುರೆ ಒದೆತದ ಲೆಕ್ಕ ಹೇಳಿದೆ. ಪಾಯ್ಸಾನ್ ಅಂದ ಕೂಡಲೇ ಎಲ್ಲ ಪುಸ್ತಕದಲ್ಲೂ ಬರುವ ಉದಾಹರಣೆ ಅದು. ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕವನ್ನು ಸಂಖ್ಯಾಶಾಸ್ತ್ರಜ್ಞ ಬೋರ್ಟ್‌ಕೀವಿಚ್ 1898 ರಲ್ಲಿ ಪ್ರಕಟಿಸಿದ. 10 ದಳ, 20 ವರ್ಷ, ಒಂದು ದಳದ ಒಂದು ವರ್ಷಕ್ಕೆ ಒಂದು ಸಾಲು, ಒಟ್ಟು 200 ಸಾಲು, 122 ಸಾವು. ಸರಾಸರಿ 0.61. ಒಂದೂ ಸಾವಿಲ್ಲದ ಸಾಲು 109, ಪಾಯ್ಸಾನ್ ಹೇಳುವುದೂ ಹೆಚ್ಚುಕಡಿಮೆ ಅಷ್ಟೇ. ಆದರೆ ತರಗತಿಯಲ್ಲಿ ನಾವು ಹೇಳದೇ ಬಿಡುವ ಒಂದು ಮಾತಿದೆ. ಅವನ ಹತ್ತಿರ ಇದ್ದದ್ದು 14 ದಳಗಳ ಲೆಕ್ಕ. ಅದರಲ್ಲಿ 4 ದಳಗಳ ರಚನೆಯೇ ಬೇರೆ ಅಂತ ಅವನ್ನು ಬದಿಗಿಟ್ಟ ಮೇಲೆ ಉಳಿದದ್ದು ಈ 10. ಒಂದೇ ಪರಿಸ್ಥಿತಿಯ ದಳಗಳನ್ನು ಒಟ್ಟಿಗೆ ಇಟ್ಟದ್ದಕ್ಕೇ ಅದು ಅಷ್ಟು ಚೆನ್ನಾಗಿ ಕೂತಿತು.

‘ನಮ್ಮ 100 ಸೀರಿ ಒಂದ ಪರಿಸ್ಥಿತಿ ಒಳಗ ನೇಯ್ದಾವೇನು?’ ಅಂತ ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ನೋಡೇಬಿಡೋಣ ಅಂತ ಬರುವ ಭಾನುವಾರ ಅವರ ಮನೆಗೆ ಹೋದೆ.

ಆಯಿ ಹೇಳಿದ್ದು

ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡು ಗಂಟೆ. ಒಳಗಿನ ಮಗ್ಗದ ಹತ್ತಿರ ಕೂತರೆ ತಂಪು. ಕುಣಿಯ ಅಂಚಿನ ಮಣ್ಣು ಮುಟ್ಟಿ ನೋಡಿದೆ, ಸ್ವಲ್ಪ ಹಸಿಯಿತ್ತು. ಹಿತ್ತಲಿನ ಶೆಡ್ಡಿಗೆ ಕಾಲಿಟ್ಟರೆ ಪತ್ರಾಸಿನ ಝಳ ನೆತ್ತಿಗೆ ಬಡಿಯಿತು. ನಾನು ನೋಡುತ್ತಿದ್ದ ಹಾಗೆಯೇ ಹಾಸಿನಲ್ಲಿ ಒಂದು ಎಳೆ ಹರಿಯಿತು. ಹರಿದದ್ದು ಸುಮ್ಮನಿರಲಿಲ್ಲ, ಪಕ್ಕದ ಎಳೆಗಳಿಗೆ ಸುತ್ತಿಕೊಂಡಿತು. ಹುಡುಗ ಮಗ್ಗ ನಿಲ್ಲಿಸಿ, ಬೆರಳು ತೇವ ಮಾಡಿಕೊಂಡು, ಒಂದೊಂದೇ ಬಿಡಿಸಿ ಗಂಟು ಹಾಕಿದ. ಅಷ್ಟರಲ್ಲಿ ಇನ್ನೊಂದು ಹೋಯಿತು.

ಹುಡುಗಿಯ ಅಜ್ಜಿ, ಅವಳು ಆಯಿ ಅನ್ನುತ್ತಾಳೆ, ಬಾಗಿಲಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದರು. ತಲೆ ಎತ್ತದೇ ಹೇಳಿದರು: ‘ಕುಣ್ಯಾಗಿನ ನೂಲಿಗೆ ತಂಪ ಇರತೈತಿ. ಪತ್ರಾಸ ಕೆಳಗ ನೂಲ ಬಾಯಾರತೈತಿ. ಶಿವರಾತ್ರಿ ಆದಮ್ಯಾಲ ಅಲ್ಲಿ ಯಾರ ಕುಂತರೂ ಅಷ್ಟ.’

ಹತ್ತಿಯ ನೂಲಿಗೆ ಗಾಳಿಯಲ್ಲಿ ತೇವ ಇದ್ದರೆ ಬಲ ಜಾಸ್ತಿ. ಒಣ ಹವೆಯಲ್ಲಿ ಬೇಗ ಹರಿಯುತ್ತದೆ. ಹತ್ತಿ ಬಟ್ಟೆಯ ಗಿರಣಿಗಳಲ್ಲಿ ಗಾಳಿಗೆ ನೀರಿನ ಹನಿ ಸಿಂಪಡಿಸುವುದು ಇದಕ್ಕೇ. ನಾನು ಇದನ್ನು ಓದಿದ್ದೆ. ಆದರೆ ಲೆಕ್ಕದ ಪುಟ ನೋಡುವಾಗ ನೆನಪಾಗಿರಲಿಲ್ಲ. ಚಳಿ ಶಿವರಾತ್ರಿಗೆ ಶಿವಶಿವ ಅಂತ ಓಡಿಹೋಗುತ್ತದೆ ಅಂತಾರಲ್ಲ, ಆಯಿಯ ಮಾತಿನಲ್ಲಿ ನಮಗೆ ಬೇಕಾದ ಗೆರೆ ಅಲ್ಲೇ ಇತ್ತು.

ಇಲ್ಲಿ ಒಂದು ಎಚ್ಚರಿಕೆ ತೆಗೆದುಕೊಂಡೆವು. ಅಂಕಿಗಳನ್ನು ಹೇಗೆ ಹೇಗೋ ತುಂಡು ಮಾಡುತ್ತಾ ಹೋದರೆ ಎಲ್ಲೋ ಒಂದು ಕಡೆ ಚಂದ ಕಂಡೇ ಕಾಣುತ್ತದೆ. ಅದಕ್ಕೆ ನೋಟ್‌ಬುಕ್ ತೆರೆಯುವ ಮೊದಲೇ ಭಾಗ ಹೇಗೆ ಅಂತ ಬರೆದಿಟ್ಟೆವು: ಮೂರನೇ ಮಗ್ಗ, ಶಿವರಾತ್ರಿಯ ನಂತರ, ಇದು ಒಂದು ಗುಂಪು. ಉಳಿದದ್ದೆಲ್ಲ ಇನ್ನೊಂದು. ಆಮೇಲೆ ಎಣಿಸಿದೆವು.

ಮೂರನೇ ಮಗ್ಗದಲ್ಲಿ ಶಿವರಾತ್ರಿಗೆ ಮುಂಚೆ 20 ಸೀರೆ, ಕಡಿತ 1. ಶಿವರಾತ್ರಿ ಆದಮೇಲೆ 20 ಸೀರೆ, ಕಡಿತ 11. ಅದೇ ಹುಡುಗ, ಅದೇ ಮಗ್ಗ, 5 ಪರ್ಸೆಂಟ್ ಇದ್ದದ್ದು 55 ಆಗಿದೆ. ಮದುವೆ ಸೀಸನ್ ಅಂತ ಆಮೇಲೆ ಅವಸರದಲ್ಲಿ ನೇಯ್ದಿದ್ದೂ ನಿಜ. ಆದರೆ ಒಳಗಿನ ಎರಡು ಮಗ್ಗಗಳಲ್ಲೂ ಅದೇ ಅವಸರ ಇತ್ತು. ಅಲ್ಲಿ ಮುಂಚೆ 30 ರಲ್ಲಿ 1, ಆಮೇಲೆ 30 ರಲ್ಲಿ 1.

ಈಗ ಎರಡು ಗುಂಪುಗಳ ಕುಂದಿನ ಲೆಕ್ಕ. ಉಳಿದ 80 ಸೀರೆಯಲ್ಲಿ 60 ಕುಂದು: ಸರಾಸರಿ 0.75, ವೇರಿಯನ್ಸ್ 0.76. ಬಿಸಿಲಿನ 20 ಸೀರೆಯಲ್ಲಿ 60 ಕುಂದು: ಸರಾಸರಿ 3, ವೇರಿಯನ್ಸ್ 3.1. ಎರಡೂ ಕಡೆ ಪಾಯ್ಸಾನ್ ನೆಟ್ಟಗೆ ಕೂತಿತು. ಹುಡುಗಿ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲಿನ ಆ 2.04 ಎಲ್ಲಿಂದ ಬಂತು ಅಂತ ಬಿಡಿಸಿದಳು. ಗುಂಪುಗಳ ಒಳಗಿನ ವೇರಿಯನ್ಸ್‌ಗಳಿಗೆ 80 ಮತ್ತು 20 ರ ತೂಕ ಕೊಟ್ಟು ತೆಗೆದ ಸರಾಸರಿ 1.23. ಗುಂಪುಗಳ ನಡುವಿನ ಅಂತರದಿಂದ ಬಂದದ್ದು 0.81. ಕೂಡಿಸಿದರೆ 2.04. ಆ 0.81 ಪತ್ರಾಸಿನದು. ಈ ಸಾಲು ಅವಳದೇ, ನಾನು ಹೇಳಿಕೊಟ್ಟದ್ದಲ್ಲ.

ಆಮೇಲೆ ಆದದ್ದು

ಕಾಕಾನಿಗೆ ಅವಳು ವೇರಿಯನ್ಸ್ ಹೇಳಲಿಲ್ಲ. ನೋಟ್‌ಬುಕ್ಕಿನ 40 ಸಾಲುಗಳನ್ನು ತೋರಿಸಿ, ಶಿವರಾತ್ರಿಯ ಕಡೆ ಒಂದು ಅಡ್ಡಗೆರೆ ಎಳೆದು, ‘ಕಾಕಾ, ಈ ಗೆರಿ ಮ್ಯಾಲಿನೂ ಅವನ ನೇಯ್ದಾನ, ಕೆಳಗಿನೂ ಅವನ ನೇಯ್ದಾನ’ ಅಂದಳಂತೆ. ಕಾಕಾ ಬಹಳ ಹೊತ್ತು ನೋಡಿದರಂತೆ. ಹುಡುಗನನ್ನು ಬಿಡಿಸುವ ಮಾತು ಅಲ್ಲಿಗೆ ನಿಂತಿತು.

ಪತ್ರಾಸಿನ ಮೇಲೆ ಜೋಳದ ಕಣಿಕೆ ದಪ್ಪಗೆ ಹಾಸಿದರು. ಶೆಡ್ಡಿನ ಕಿಟಕಿಗೆ ಹಸಿ ಗೋಣಿತಟ್ಟು ಕಟ್ಟಿದರು. ಬಿಸಿಲು ಏರಿದ ಹೊತ್ತಿನಲ್ಲಿ ಮಗ್ಗ ನಿಲ್ಲಿಸಿ, ಬೆಳಗ್ಗೆ ಬೇಗ ಮತ್ತು ಸಂಜೆ ನೇಯಲು ಶುರು ಮಾಡಿದರು. ಮಳೆ ಬೀಳುವ ಮೊದಲು ಮೂರನೇ ಮಗ್ಗದಿಂದ 8 ಸೀರೆ ಇಳಿದವು. ಕಡಿತದ್ದು 1.

ಇದು ಬರೀ ಅದೃಷ್ಟ ಇರಬಹುದೇ? ಇಲ್ಲಿ ಬೈನಾಮಿಯಲ್ ಬೇಕು. ಈ ಸಲ ಪ್ರಯತ್ನಗಳ ಸಂಖ್ಯೆ ಗೊತ್ತು: 8 ಸೀರೆ. ಪ್ರತಿಯೊಂದೂ ಕಡಿತದ್ದು ಅಥವಾ ಅಲ್ಲ. ಏನೂ ಬದಲಾಗದೇ ಹಳೆಯ 0.55 ಹಾಗೇ ಇದ್ದಿದ್ದರೆ, 8 ರಲ್ಲಿ ಒಂದೂ ಕಡಿತ ಇಲ್ಲದಿರುವುದು 0.0017, ಸರಿಯಾಗಿ ಒಂದು ಇರುವುದು 0.0164. ಇವೆರಡು ಒಟ್ಟಿಗೆ ಆಗಲು ಸಾಧ್ಯವಿಲ್ಲ, ಹಾಗಾಗಿ ಇಲ್ಲಿ ನೇರ ಕೂಡಿಸಬಹುದು. 0.018. ಅಂದರೆ ಸುಮಾರು 55 ರಲ್ಲಿ ಒಂದು ಸಲ ಸುಮ್ನೆ ಹೀಗಾಗಬಹುದು. ಹಾಗಾಗಿ ಅದೃಷ್ಟವೇ ಇರಲಿಕ್ಕಿಲ್ಲ ಅನ್ನಬಹುದು, ಇಲ್ಲವೇ ಇಲ್ಲ ಅನ್ನಲಾಗದು. ಕಣಿಕೆಯಿಂದಲೋ, ಗೋಣಿತಟ್ಟಿನಿಂದಲೋ, ಮಧ್ಯಾಹ್ನ ಮಗ್ಗ ನಿಲ್ಲಿಸಿದ್ದರಿಂದಲೋ ಅನ್ನುವುದನ್ನೂ ಈ 8 ಸೀರೆ ಹೇಳಲಾರವು. ಮೂರನ್ನೂ ಒಟ್ಟಿಗೆ ಮಾಡಿದ್ದಾರೆ. ಮನೆಯವರಿಗೆ ಸೀರೆ ಉಳಿಯುವುದು ಮುಖ್ಯವಾಗಿತ್ತು. ಅದು ಸರಿಯಾದ ನಿರ್ಧಾರವೇ.

ನನ್ನ ತರಗತಿಯಲ್ಲಿ ಇದರಿಂದ ಎರಡು ಬದಲಾವಣೆ ಆಗಿವೆ. ಸಂಭವನೀಯತೆಯ ಯಾವ ಉತ್ತರವನ್ನೂ ‘ಎಷ್ಟರಲ್ಲಿ’ ಅನ್ನುವುದು ಪಕ್ಕದಲ್ಲಿ ಬರೆಯದೇ ಒಪ್ಪುವುದಿಲ್ಲ. ಡಿಸ್ಟ್ರಿಬ್ಯೂಷನ್ ಕೂತಿದೆ ಅಂತ ಯಾರಾದರೂ ಬಂದರೆ ಎಲ್ಲ ಸಾಲುಗಳನ್ನೂ, ವೇರಿಯನ್ಸನ್ನೂ ನೋಡಿದ ಮೇಲೆಯೇ ಪೆನ್ನು ತೆಗೆಯುತ್ತೇನೆ.

ಹುಡುಗಿಯ ನೋಟ್‌ಬುಕ್ಕಿನಲ್ಲಿ ಈಗ ಇನ್ನೊಂದು ಕಾಲಂ ಸೇರಿದೆ: ಎಳೆ ಹರಿದ ಹೊತ್ತು. ಅದನ್ನು ತುಂಬುವುದು ಅವಳಲ್ಲ. ಮೂರನೇ ಮಗ್ಗದ ಹುಡುಗನೇ ತುಂಬುತ್ತಾನೆ. ಮಗ್ಗದ ಕಂಬಕ್ಕೆ ದಾರ ಕಟ್ಟಿ ಒಂದು ಪೆನ್ಸಿಲ್ ಇಳಿಬಿಟ್ಟಿದ್ದಾನೆ. ಎಳೆ ಹರಿದಾಗ ಮಗ್ಗ ನಿಲ್ಲಿಸಿ, ಗಂಟು ಹಾಕಿ, ಗಡಿಯಾರ ನೋಡಿ ಒಂದು ಗೆರೆ ಎಳೆಯುತ್ತಾನೆ.